ಕಾರಂಜಿಯ ಕೆಳಗಿನ ಬೊಂಬೆ

"ಅದನ್ನ ಇದ್ದಲ್ಲೇ ಇಟ್ಟುಬಿಡಪ್ಪಾ. ನಿನಗೂ ಮಕ್ಕಳಿರಬಹುದು," ಎಂದಳು ಉದ್ಯಾನದ ಪಕ್ಕದ ಮನೆಯ ಹನೀಫಾ ಮುದುಕಿ.

ಯೋದ್ಗೋರ್ ನಕ್ಕ. ತಾಷ್ಕೆಂಟಿನಿಂದ ಮರ್ಗಿಲಾನ್ ಪಟ್ಟಣಕ್ಕೆ ಹೊಸದಾಗಿ ಬಂದ ಎಂಜಿನಿಯರು ಅವನು. ಉದ್ಯಾನದ ನಡುವೆ, ಕಟ್ಟಿದಂದಿನಿಂದ ಒಂದು ಹನಿಯನ್ನೂ ಚಿಮ್ಮಿಸದೆ ನಿಂತಿದ್ದ ಕಾರಂಜಿಯನ್ನು ಸರಿಪಡಿಸುವುದು ಅವನ ಪಾಲಿಗೆ ಬಂದಿತ್ತು. ಚಪ್ಪಡಿ ಎಬ್ಬಿಸಿ ಕೊಳವೆಯ ಬಾಯಿಗೆ ಕೈ ಹಾಕಿದಾಗ ಸಿಕ್ಕಿದ್ದು ಕಂಬಳಿ ಚೂರಿನ ಬೊಂಬೆ. ಮೈತುಂಬ ಹೆಂಗಸಿನ ಉದ್ದ ಕೂದಲು ಸುತ್ತಿತ್ತು. ಕಣ್ಣುಗಳಲ್ಲಿ ತುಕ್ಕು ಹಿಡಿದ ಸೂಜಿಗಳು. ಕೊಳೆತ ಉಣ್ಣೆಯ ನಾತ ಮೂಗಿಗೆ ಅಡರಿತು.

"ನೋಡಿ ಅಜ್ಜಿ, ನಿಮ್ಮ ದೆವ್ವ! ಹೊಲಿಗೆ ಮಾತ್ರ ಚೆನ್ನಾಗಿದೆ."

"ಹೊಲಿದೋಳು ನಮ್ಮಮ್ಮ."

ಕೂಲಿಗಳು ಗುದ್ದಲಿ ಕೆಳಗಿಟ್ಟರು. ಮುದುಕಿ ತಗ್ಗಿದ ದನಿಯಲ್ಲಿ ಹೇಳಿದಳು. ಕಾರಂಜಿ ಇರುವಲ್ಲಿ ಹಿಂದೆ ಕೊಳವಿತ್ತು, ದಂಡೆಯ ಮೇಲೆ ಹಿಪ್ಪುನೇರಳೆ ಮರ. ಅವಳ ಅಣ್ಣ ಸೋಬಿರ್ ಯುದ್ಧಕ್ಕೆ ಹೊರಟಾಗ ತಾಯಿಗೆ ಆ ಮರದಡಿಯೇ ಕಾದಿರಲು ಹೇಳಿದ್ದ. ತಾಯಿ ಓಯ್ದಿನ್ ಕಾದಳು. ಯುದ್ಧ ಮುಗಿದರೂ ಅವನು ಬರಲಿಲ್ಲ. ಉದ್ಯಾನ ಮಾಡುವವರು ಬಂದು ಮರ ಕಡಿದರು, ಕೊಳ ಮುಚ್ಚಿದರು, ಅಡ್ಡ ಮಲಗಿದ ಅವಳನ್ನು ಎಳೆದುಹಾಕಿದರು. ಅವಳು ತನ್ನ ಜಡೆಯನ್ನೇ ಕತ್ತರಿಸಿ ಬೊಂಬೆಗೆ ಸುತ್ತಿ, ಕಾರಂಜಿಯ ಅಡಿಪಾಯದ ಕೊಳವೆಯೊಳಗೆ ಹುದುಗಿಸಿ ಶಪಿಸಿದಳು: ಇಲ್ಲಿ ನೀರು ಹರಿಸಿದವರ ಕಣ್ಣಿಗೆ ಅವರ ಮಗುವೇ ಅಪರಿಚಿತವಾಗಲಿ.

"ಮಾಟ ಮೊದ್ಲು ಮಾಡಿದೋಳನ್ನೇ ಸುಟ್ಟಿತು. ಅಣ್ಣ ಸೆರೆಯಿಂದ ಬಿಡಿಸ್ಕೊಂಡು ಬಂದ. ಬಾಗಿಲಲ್ಲಿ ನಿಂತು 'ಅಮ್ಮಾ' ಅಂದ. 'ಯಾರಪ್ಪಾ ನೀನು? ನನ್ನ ಮಗನ್ನ ಎಲ್ಲಾದ್ರೂ ಕಂಡ್ಯಾ?' ಅಂತ ಕೇಳಿದ್ಲು." ಮುದುಕಿ ಬೊಂಬೆಯ ಕಡೆ ಕೈ ಚಾಚಿದಳು. "ಸಾಯೋವರೆಗೂ ಅದನ್ನೇ ಕೇಳಿದ್ಲು."

ಯೋದ್ಗೋರ್‌ಗೆ ಕಸಿವಿಸಿಯಾಯಿತು. ಆದರೆ ಕೂಲಿಗಳು ಅವನ ಮುಖವನ್ನೇ ನೋಡುತ್ತಿದ್ದರು.

"ವಯಸ್ಸಾದ್ಮೇಲೆ ಮರೆವು ಇದ್ದದ್ದೇ, ಅಜ್ಜಿ." ಡಾಂಬರು ಕಾಯುತ್ತಿದ್ದ ಬೆಂಕಿಗೆ ಬೊಂಬೆಯನ್ನು ಎಸೆದ. ಅದು ಎಳೆಗೂಸಿನಂತೆ ಕೀರಲು ದನಿ ತೆಗೆದು ಉರಿಯಿತು.

"ಹಸಿ ಉಣ್ಣೆ, ಅಷ್ಟೆ," ಎಂದ. ಕೂಲಿಗಳು ಬೆಂಕಿಯಿಂದ ದೂರ ಸರಿದರು.

ಕೊಳವೆಗಳನ್ನೆಲ್ಲ ಜೋಡಿಸಿ ಮುಗಿಸಿದ ಸಂಜೆ ಉದ್ಯಾನ ತುಂಬಿತ್ತು. ಕರಬೂಜದ ಸಿಹಿ ವಾಸನೆ, ಸುಡುವ ಮಾಂಸದ ಹೊಗೆ, ಮಕ್ಕಳ ಗದ್ದಲ. ಯೋದ್ಗೋರ್ ನೀರು ಬಿಡುವ ಚಕ್ರ ತಿರುಗಿಸಿದ. ನೆಲದಡಿ ಏನೋ ನರಳಿತು. ಕೊಳವೆಗಳು ಬಿಕ್ಕಿದವು. ನೀರು ಚಿಮ್ಮಿತು. ಜನ ಹೋ ಎಂದರು. ಸುಟ್ಟ ಕೂದಲಿನ ನಾತ ಗಬ್ಬೆಂದು ಹರಡಿತು. ತುಂತುರು ಅವನ ಕಣ್ಣಿಗೆ ಬಿತ್ತು. ಸೂಜಿ ಚುಚ್ಚಿದಂತಾಯಿತು.

"ಅಪ್ಪಾ!"

ಪಟ್ಟೆಪಟ್ಟೆ ರೇಷ್ಮೆ ಲಂಗದ ಹುಡುಗಿಯೊಬ್ಬಳು ಓಡಿಬಂದು ಅವನ ಕಾಲು ತಬ್ಬಿದಳು. ಅವನು ಬಗ್ಗಿ ನೋಡಿದ. ಹುಬ್ಬು ಕಂಡಿತು. ಮೂಗು ಕಂಡಿತು. ಉದುರಿದ ಹಲ್ಲಿನ ಸಂದು ಕಂಡಿತು. ಯಾವುದೂ ಸೇರಿ ಗುರುತಿನ ಮುಖವಾಗಲಿಲ್ಲ.

"ಯಾರ ಮಗು ಇದು? ನೀರಿಗೆ ಬಿದ್ದೀತು, ಹಿಡ್ಕೊಳ್ಳಿ."

ಆಟವೆಂದುಕೊಂಡು ಹುಡುಗಿ ಕಿಲಕಿಲ ನಕ್ಕಳು. "ನಾನು ನಿಗೀನಾ ಅಪ್ಪಾ!"

ನಿಗೀನಾ! ಅವನ ಮಗಳ ಹೆಸರು. ಅವನು ಸುತ್ತ ನೋಡಿದ. ಹೆಂಡತಿ ಮುಹಯ್ಯೋ ನಗುತ್ತ ಬರುತ್ತಿದ್ದಳು.

"ನಿಗೀನಾ ಎಲ್ಲಿ? ಮಗೂನ ಎಲ್ಲಿ ಬಿಟ್ಟು ಬಂದೆ?"

ಅವಳ ನಗು ಆರಿಹೋಯಿತು. "ಏನ್ರೀ ಇದು? ನಿಮ್ಮ ಕಾಲ ಹತ್ರಾನೇ ಇದ್ದಾಳಲ್ಲ!"

ಅವನು ಕೇಳಿಸಿಕೊಳ್ಳಲಿಲ್ಲ. ಹುಡುಗಿಯ ಕೈ ಬಿಡಿಸಿಕೊಂಡ. ಓಡಿದ. ಜನರನ್ನು ತಳ್ಳಿದ. ನೀರಿಗಿಳಿದು ತಡಕಾಡಿದ. "ನಿಗೀನಾ! ನಿಗೀನಾ!" ಹಿಂದೆಯೇ ಪುಟ್ಟ ಹೆಜ್ಜೆಗಳು. "ಇಲ್ಲಿದ್ದೀನಿ ಅಪ್ಪಾ! ಇಲ್ಲೇ ಇದ್ದೀನಿ!" ಹನೀಫಾ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ನೀರು ನಿಂತಿತು. ಅವನ ಕೂಗು ನಿಲ್ಲಲಿಲ್ಲ.

ಆಮೇಲೆ ಆ ಕಾರಂಜಿಗೆ ಮಣ್ಣು ತುಂಬಿದರು. ವೈದ್ಯರು ನೋಡಿದರು, ಮುಲ್ಲಾ ತಾಯಿತ ಕಟ್ಟಿದ. ಯಾವುದರಿಂದಲೂ ಫಲ ಸಿಗಲಿಲ್ಲ. ಇವಳೇ ನಿಮ್ಮ ಮಗಳು ಎಂದಾಗಲೆಲ್ಲ ಅವನು ಗದಗದ ನಡುಗುತ್ತಿದ್ದ. "ನನ್ನ ಮಗು ಸತ್ತಿದೆ. ಅದನ್ನ ಮುಚ್ಚಿಡೋಕೆ ಯಾರದೋ ಮಗೂನ ತಂದಿದ್ದೀರಿ," ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ನಿಗೀನಾ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹೊರಗೆ ಹೋಗಿ ಬಾಗಿಲು ತಟ್ಟಿದಳು.

"ನಾನು ಪಕ್ಕದ ಮನೆ ಹುಡುಗಿ. ಒಳಗೆ ಬರ್ಲಾ?"

ಎಷ್ಟೋ ದಿನಗಳ ಮೇಲೆ ಯೋದ್ಗೋರ್‌ನ ಮುಖ ಅರಳಿತು. ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ರೊಟ್ಟಿ ಮುರಿದು, ಜರ್ದಾಳು ಹಣ್ಣಿನ ಪಾಕ ಸವರಿ ಕೊಟ್ಟ. "ತಿನ್ನು ಪುಟ್ಟಾ. ನನಗೂ ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ. ಈಗ ಬಂದ್ಬಿಡ್ತಾಳೆ. ಇಬ್ರೂ ಆಡ್ಕೊಳ್ಳಿ."

ಒಲೆಯ ಮುಂದೆ ಮುಹಯ್ಯೋ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ನಿಗೀನಾ ರೊಟ್ಟಿ ನುಂಗಿ, ಅವನಿಗೆ ಒರಗಿ ಕೂತಳು.

"ಅವಳು ಬರೋವರೆಗೂ ಇಲ್ಲೇ ಇರ್ತೀನಿ, ಮಾಮಾ."