ಎರಡು ಇಂಚು ಸರಿದ ಗುಂಡಿ

ಗುರುವಾರ ಬಂತೆಂದರೆ ನಾನು ಸುಳ್ಳು ಬರೆಯಲು ಕೂರುತ್ತಿದ್ದೆ.

ಸಕ್ಕರೆ ಹಾಕಿದ ಟೀ, ಮೂರು ಲೋಟ. ನಡಿಗೆ, ಇಲ್ಲ. ಮಲಗಿದ್ದು, ಒಂದು ಗಂಟೆಗೆ. ನಿಜ ಹೇಳಬೇಕೆಂದರೆ ಟೀಗೆ ಸಕ್ಕರೆ ಬಿಟ್ಟು ಎರಡು ತಿಂಗಳಾಗಿತ್ತು. ದಿನಾ ಬೆಳಗ್ಗೆ ಪಾರ್ಕಿಗೆ ನಾಲ್ಕು ಸುತ್ತು ಹಾಕುತ್ತಿದ್ದೆ. ಹತ್ತಕ್ಕೆ ದಿಂಬಿಗೆ ತಲೆಯಿಟ್ಟರೆ ಬೆಳಗಾಗುವುದೇ ಗೊತ್ತಾಗುತ್ತಿರಲಿಲ್ಲ. ಇದನ್ನೆಲ್ಲ ಕಲಿಸಿದವನಿಗೇ ನಾನು ಟೋಪಿ ಹಾಕುತ್ತಿದ್ದೆ.

ಅವನು ಕ್ಲಿನಿಕ್ಕಿನವನು. ಎದುರಿಗೆ ‘ನೀವು’ ಅನ್ನುತ್ತೇನೆ, ಮನಸ್ಸಿನೊಳಗೆ ಮಾತ್ರ ‘ಅವನು’. ಶುಗರ್ ಅಂಚಿಗೆ ಬಂದವರ ಮನೆಗೆ ವಾರಕ್ಕೊಮ್ಮೆ ಹೋಗಿ, ತಿಂದದ್ದು, ನಡೆದದ್ದು, ಮಲಗಿದ್ದು ಬರೆದ ನೋಟ್‌ಬುಕ್ ನೋಡುವುದು ಅವನ ಕೆಲಸ. ಸತತ ಮೂರು ವಾರ ಎಲ್ಲ ಸರಿಯಿದ್ದರೆ ಫೈಲ್ ಮುಚ್ಚುತ್ತಾನೆ, ಆಮೇಲೆ ಬರುವುದಿಲ್ಲ. ಮೊದಲ ದಿನವೇ ಹೇಳಿದ್ದ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

ಅವನು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಪುಟ ತಿರುವುತ್ತಿದ್ದರೆ ನಾನು ಒಂದೇ ಸೂಜಿಗೆ ಐದು ಸಲ ದಾರ ಪೋಣಿಸುತ್ತಿದ್ದೆ. ಇಸ್ತ್ರಿ ಮಾಡುತ್ತಿದ್ದ ಅಕ್ಕ ಕೆಮ್ಮುತ್ತಿದ್ದಳು. ಅವನು ಹೋದ ಮೇಲೆ, ಇಪ್ಪತ್ತು ವರ್ಷದಿಂದ ದರ್ಜಿ ಕೆಲಸ ಮಾಡುವವಳಿಗೆ ಇವತ್ತೇ ಕಣ್ಣು ಮಂಜಾಯಿತಾ ಎಂದು ಕಾಲೆಳೆಯುತ್ತಿದ್ದಳು. ನಾನು ಮುಂದಿನ ಗುರುವಾರಕ್ಕೆ ಎಷ್ಟು ದಿನ ಎಂದು ಎಣಿಸುತ್ತಿದ್ದೆ.

ಆ ಗುರುವಾರ ಅವನು ನೋಟ್‌ಬುಕ್ ತೆರೆಯಲೇ ಇಲ್ಲ. ನನ್ನ ಕೆಲಸದ ನೀಲಿ ಕೋಟನ್ನೇ ನೋಡುತ್ತಿದ್ದ.

“ಟೇಪ್ ಕೊಡ್ತೀರಾ?”

ಕೊರಳಲ್ಲಿದ್ದ ಟೇಪ್ ತೆಗೆದುಕೊಟ್ಟೆ. ಒಂದು ತುದಿಯನ್ನು ನನ್ನ ಕೈಗೇ ಕೊಟ್ಟು, ಸೊಂಟದ ಗುಂಡಿಯ ಮೇಲೆ ಹಿಡಿಯಲು ಹೇಳಿದ. ಇನ್ನೊಂದು ತುದಿಯನ್ನು ಬಟ್ಟೆಗೆ ತಾಗಿಯೂ ತಾಗದ ಹಾಗೆ ಪಕ್ಕಕ್ಕೆ ತಂದ. ಅಲ್ಲಿ ಗುಂಡಿಯಗಲದ ಒಂದು ಕಡುನೀಲಿ ಚುಕ್ಕೆ ಇತ್ತು. ಕೋಟೆಲ್ಲ ಮಾಸಿದರೂ ನಾನು ಗುಂಡಿ ಸರಿಸಿ ಹೊಲಿಯುವ ಮೊದಲು ಅದರಡಿ ಮಾಸದೆ ಉಳಿದಿದ್ದ ಜಾಗ ಅದು. ಅಯ್ಯೋ, ಸಡಿಲ ಬಟ್ಟೆ ಹಾಕಿಕೊಳ್ಳಲಾಗದ ನನ್ನ ದರ್ಜಿಬುದ್ಧಿಯೇ!

“ಎರಡು ಇಂಚು,” ಅಂದ. “ಇದು ಮೂರು ಲೋಟ ಸಕ್ಕರೆ ಟೀ ಕುಡಿಯೋರ ಸೊಂಟ ಅಲ್ಲ.”

ಕಿವಿಯವರೆಗೂ ಕೆಂಪಾದೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ತಿಂಗಳಾಯಿತಂತೆ.

“ಮತ್ಯಾಕೆ ಸುಮ್ಮನಿದ್ರಿ?”

“ಹೇಳಿದ್ರೆ ಫೈಲ್ ಮುಚ್ಚಬೇಕಲ್ಲ.” ಅವನು ಟೇಪನ್ನು ಬೆರಳಿಗೆ ಸುತ್ತುತ್ತಲೇ ಇದ್ದ. “ಆದ್ರೆ ಇವತ್ತು ಮುಚ್ಚಲೇಬೇಕು. ನಿಮ್ಮ ಜಾಗಕ್ಕೆ ಒಬ್ಬ ಅಜ್ಜಿ ಕಾಯ್ತಿದ್ದಾರೆ.”

ಅಜ್ಜಿಯ ಹೆಸರೆತ್ತಿದ ಮೇಲೆ ನಾನೇನು ಹೇಳಲಿ? ಅವನು ಫೈಲಿಗೆ ಸಹಿ ಹಾಕಿದ. ಅಕ್ಕ ಯಾಕೋ ಇಸ್ತ್ರಿಪೆಟ್ಟಿಗೆ ಬಿಟ್ಟು ಒಳಗೆ ಹೋದಳು.

ಸಹಿ ಹಾಕುವಾಗ ಅವನ ಅಂಗಿಯ ತೋಳು ಜೋಲಾಡುತ್ತಿತ್ತು. ಕಾಲರ್ ಒಳಗೆ ನಾಲ್ಕು ಬೆರಳು ಹೋಗುವಷ್ಟು ಜಾಗ. ದಿನಕ್ಕೆ ಮೂವತ್ತು ಮನೆ ಹತ್ತಿಳಿದು ಊರಿಗೆಲ್ಲ ಊಟ ನಿದ್ದೆಯ ಪಾಠ ಹೇಳುವವನ ಅವಸ್ಥೆ ಇದು.

“ಮಧ್ಯಾಹ್ನ ಏನು ತಿಂದ್ರಿ?”

“ಟೀ.”

“ನಿನ್ನೆ?”

ಅವನು ಪೆನ್ನಿಗೆ ಮುಚ್ಚಳ ಹಾಕತೊಡಗಿದ. ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಪುಟ ತೆರೆದು, ಗುರುವಾರ, ಬರೀ ಟೀ ಎಂದು ಬರೆದು ಅವನ ಕೈಗಿಟ್ಟೆ.

“ಇನ್ಮೇಲೆ ನೀವು ಬರೀರಿ. ಪ್ರತಿ ಗುರುವಾರ ನಾನು ನೋಡ್ತೀನಿ. ನೀವು ಬರದ ಗುರುವಾರ ನನಗೆ ಬೇಡ.”

ಅವನು ನೋಟ್‌ಬುಕ್ ಅಂಗಿಯೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದ. ಆ ಏಳು ದಿನ ನಾನು ನಡೆದೆ, ತಿಂದೆ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಮುಂದಿನ ಗುರುವಾರ ಅದೇ ಹೊತ್ತಿಗೆ ಬಂದ. ಕೈಯಲ್ಲಿ ಫೈಲಿರಲಿಲ್ಲ. ನೋಟ್‌ಬುಕ್ ತೆರೆದು ನೋಡಿದೆ. ಊಟ, ಎರಡು ಹೊತ್ತು, ಏಳೂ ದಿನ. ನಿದ್ದೆಯ ಎದುರಿಗೆ, ಏಳೂ ದಿನ ಒಂದೇ ಸಾಲು.

“ಬರಲಿಲ್ಲ. ಕಾರಣ ನಿಮಗೆ ಗೊತ್ತು.”