ತಪ್ಪು ಎನ್ನದ ಪೆಟ್ಟಿಗೆ

"ಕೈ ತೆಗೀರಿ!"

ಹೇಳಿದವನು ಉತ್ತರಕ್ಕೂ ಕಾಯಲಿಲ್ಲ. ದಾಪುಗಾಲು ಹಾಕಿ ಒಳಗೆ ಬಂದವನೇ ಗೋಡೆಯ ಪ್ಲಗ್ ಕಿತ್ತುಬಿಟ್ಟ. ಮೇಜಿನ ಮೇಲಿದ್ದ ಸರ್ಕ್ಯೂಟ್ ಬೋರ್ಡಿನಿಂದ ಹೊಗೆ ಏಳುತ್ತಿತ್ತು, ಅವಳ ಬೆರಳು ಅದರ ಪಕ್ಕದಲ್ಲೇ ಇತ್ತು.

ತಿಂಗಳುಗಟ್ಟಲೆ ಮಾಡಿದ ಕೆಲಸ ಸುಟ್ಟು ಕರಕಲಾಗಿದೆ... ಈಗ ಇವಳು ಅಳುತ್ತಾಳೆ ಎಂದುಕೊಂಡ ಅವನು.

ಅವಳು ನಕ್ಕಳು. ಕುರ್ಚಿ ಹಿಡಿದುಕೊಂಡು, ಬಗ್ಗಿ ಬಗ್ಗಿ ನಕ್ಕಳು.

"ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದೀನಿ. ಅದಿರಲಿ, ನೀವ್ಯಾರು?"

"ಕಂಪ್ಯೂಟರ್ ಆಟ ಬರೆಯೋನು. ನಿಮ್ಮಣ್ಣ ಬರೋಕೆ ಹೇಳಿದ್ರು."

ಅಣ್ಣನದು ಟೀವಿ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವಳು ಮನೆಮಂದಿ ಕೊಳ್ಳಬಹುದಾದ ಪುಟ್ಟ ಕಂಪ್ಯೂಟರ್ ಕಟ್ಟುತ್ತಿದ್ದಳು. ಮನೆಯ ಟೀವಿಗೇ ಸಿಕ್ಕಿಸುವ ಪೆಟ್ಟಿಗೆ, ಅದರಲ್ಲಿ ಮಕ್ಕಳು ಲೆಕ್ಕ ಕಲಿಯುವ ವಿಡಿಯೋ ಗೇಮು. ಪೆಟ್ಟಿಗೆ ಅವಳ ಪಾಲಿಗೆ, ಆಟ ಅವನ ಪಾಲಿಗೆ ಎಂದಾಯಿತು.

ಮೊದಲ ದಿನವೇ ಅವಳು ಷರತ್ತು ಹಾಕಿದಳು.

"ಮಗು ತಪ್ಪು ಉತ್ತರ ಕೊಟ್ರೂ ನನ್ನ ಪೆಟ್ಟಿಗೆ ತಪ್ಪು ಅನ್ನಬಾರದು. ಕೆಂಪು ಗುರುತು ಬೇಡ, ಬಜರ್ ಬೇಡ."

"ಮತ್ತೆ ಮಗೂಗೆ ಗೊತ್ತಾಗೋದು ಹೇಗೆ?"

"ಅದನ್ನ ನೀವು ಯೋಚಿಸಿ. ಸಂಬಳ ಅದಕ್ಕೇ ತಾನೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು. ಅವನೋ, ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವವನ ಹಾಗೆ ಸುಮ್ಮನಿರುವವನು. ಅತ್ತಿಗೆ ಅವನಿಗೆ 'ಗುಮ್ಮ' ಎಂದು ಹೆಸರಿಟ್ಟಳು.

ಆದರೆ ಅವಳು ಬೆಸುಗೆ ಹಾಕಲು ಕೂತರೆ ಸಾಕು, ಗುಮ್ಮ ತಾನಾಗಿ ಎದ್ದು ಬಂದು ದೀಪ ಹಿಡಿಯುತ್ತಿದ್ದ.

"ದೀಪಕ್ಕೆ ಸ್ಟ್ಯಾಂಡ್ ಇದೆಯಲ್ಲೇ?" ಎಂದು ಅತ್ತಿಗೆ ಕಣ್ಣು ಮಿಟುಕಿಸಿದಳು.

"ಅದು ಅಲ್ಲಾಡುತ್ತೆ ಅತ್ತಿಗೆ."

ಶುದ್ಧ ಸುಳ್ಳು. ಸ್ಟ್ಯಾಂಡು ಬಂಡೆಯಂತಿತ್ತು, ಅಲ್ಲಾಡುತ್ತಿದ್ದದ್ದು ಅವಳ ಮನಸ್ಸು.

ಆಟ ತಯಾರಾಯಿತು. ಒಂದು ಮಧ್ಯಾಹ್ನ ಓಣಿಯ ಮಕ್ಕಳನ್ನು ಕರೆದು ಕೂರಿಸಿದರು. ಟೀವಿಯಲ್ಲಿ ಒಂದು ಕಪ್ಪೆ, ಅದರ ಮುಂದೆ ಮೂರು ಕೂಡಿಸು ಐದು. ಎದುರುಮನೆಯ ಪುಟ್ಟ ಹುಡುಗಿ ಧೈರ್ಯವಾಗಿ ಏಳು ಒತ್ತಿದಳು.

ಪೆಟ್ಟಿಗೆ ನಕ್ಕಿತು!

ಗರಗರ ಎನ್ನುವ ಸಣ್ಣ ಧ್ವನಿ, ಆದರೂ ಅದು ಯಾರ ನಗು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಅವಳದೇ ನಗು. ಉಳಿದ ಮಕ್ಕಳೂ ಗೊಳ್ಳೆಂದು ನಕ್ಕರು. ಪುಟ್ಟಿ ಕೈಯನ್ನು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡಳು, ಮತ್ತೆ ಹೊರಗೆ ತೆಗೆಯಲೇ ಇಲ್ಲ.

ಮಕ್ಕಳು ಹೋಗುವವರೆಗೂ ಅವಳು ಹಲ್ಲು ಕಚ್ಚಿಕೊಂಡಿದ್ದಳು.

"ನನ್ನ ನಗು ಕದ್ದಿದ್ದೀರಿ. ಅದನ್ನ ಒಂದು ಮಗೂನ ಗೇಲಿ ಮಾಡೋಕೆ ಬಳಸಿದ್ದೀರಿ."

"ಗೇಲಿ ಅಲ್ಲ..." ಅವನ ಮುಖ ಬಿಳಿಚಿತ್ತು. "ಏನಾದ್ರೂ ಕೆಟ್ಟು ಹೋದಾಗ ನೀವು ನಗ್ತೀರಿ, ಮತ್ತೆ ಶುರು ಮಾಡ್ತೀರಿ. ಹಂಗೆ ನಗೋರನ್ನ ನಾನು ನೋಡೇ ಇರಲಿಲ್ಲ. ಟೇಪ್ ರೆಕಾರ್ಡರ್ ಪಕ್ಕದಲ್ಲೇ ಇತ್ತು, ಹಿಡಿದಿಟ್ಕೊಂಡೆ. ಮಕ್ಕಳಿಗೂ ಆ ಖುಷಿ ಸಿಗಲಿ ಅಂತ..."

"ಖುಷಿ?" ಎಂದಳು ಅವಳು. "ಶಾಲೇಲಿ ಬೋರ್ಡ್ ಮುಂದೆ ನಿಲ್ಲಿಸಿದ್ರು. ತಪ್ಪು ಬರೆದೆ. ಟೀಚರ್ ಸಮೇತ ಇಡೀ ಕ್ಲಾಸು ನಕ್ತು. ಅವತ್ತಿಂದ, ಬೇರೆಯವರು ನಗೋ ಮೊದಲೇ ನಾನೇ ನಕ್ಕುಬಿಡ್ತೀನಿ. ಅದು ಖುಷಿ ಅಲ್ಲ, ಗುರಾಣಿ."

ಅವನು ಬಾಯಿ ತೆರೆದ.

"ಏನೂ ಹೇಳಬೇಡಿ. ಹೋಗಿ."

ಅವನು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಹೋಗು ಎಂದವಳು ತಾನೇ, ಆದರೂ ಅವಳ ಕಿವಿ ಬಾಗಿಲಿಗೆ ಅಂಟಿಕೊಂಡಿತ್ತು. 'ಹೋಗು ಅಂದ್ರೆ ಹೋಗೇಬಿಡೋದಾ?'

ಅವನು ಬಂದಾಗ ಕೈಯಲ್ಲಿ ತಿದ್ದಿದ ಆಟದ ಹೊಸ ಟೇಪಿತ್ತು, ಜೊತೆಯಲ್ಲಿ ಎದುರುಮನೆಯ ಪುಟ್ಟಿ ಇದ್ದಳು. ಪುಟ್ಟಿಯ ಅಮ್ಮನನ್ನು ಒಪ್ಪಿಸುವಷ್ಟು ಮಾತು ಗುಮ್ಮನಿಗೆ ಎಲ್ಲಿಂದ ಬಂತೋ!

ಪುಟ್ಟಿ ಅಂಜುತ್ತಲೇ ಏಳು ಒತ್ತಿದಳು. ಸದ್ದಿಲ್ಲ. ಕಪ್ಪೆ ಕಾಲು ಮಡಚಿ ಕಾಯುತ್ತಾ ಕೂತಿತು. ಪುಟ್ಟಿ ಆಚೀಚೆ ನೋಡಿ, ಆರು ಒತ್ತಿದಳು. ಅದೂ ಸರಿಯಲ್ಲ. ಆದರೆ ಈಗ ಪೆಟ್ಟಿಗೆ ನಕ್ಕಿತು, ಕಪ್ಪೆ ಒಂದು ಹೆಜ್ಜೆ ಮುಂದೆ ಜಿಗಿಯಿತು.

"ತಪ್ಪಿಗೆ ನಗಲ್ಲ," ಅವನು ಮೆಲ್ಲಗೆ ಹೇಳಿದ. "ಮತ್ತೆ ಪ್ರಯತ್ನ ಮಾಡಿದ್ದಕ್ಕೆ ನಗುತ್ತೆ. ನೀವು ಬೇಡ ಅಂದ್ರೆ ಈಗಲೇ ಅಳಿಸ್ತೀನಿ."

ಪುಟ್ಟಿ ಕಿಲಕಿಲ ನಗುತ್ತಾ ಎಂಟು ಒತ್ತಿದಳು. ಅವಳ ಜೊತೆ ಇವಳೂ ನಕ್ಕಳು, ಗುರಾಣಿ ಇಲ್ಲದೆ. ಎದೆ ಹಗುರಾಗಿತ್ತು.

"ಇರಲಿ," ಎಂದಳು.

ವಾರ ಕಳೆಯುವುದರೊಳಗೆ ಅಣ್ಣ ಶಾಲೆಯ ಹೆಡ್‌ಮಿಸ್ಸನ್ನು ಕರೆತಂದ. ಅವರು ಒಪ್ಪಿದರೆ ಪ್ರತಿ ತರಗತಿಗೂ ಒಂದು ಪೆಟ್ಟಿಗೆ. ಅವರು ಬೇಕೆಂದೇ ತಪ್ಪು ಒತ್ತಿ ನೋಡಿದರು.

"ಸೊನ್ನೆ ಎಲ್ಲಿ? ಸದ್ದು ಎಲ್ಲಿ? ಹೆದರಿಕೆ ಇಲ್ದೆ ಮಕ್ಕಳು ಕಲೀತಾರಾ?"

"ಹಾಕಿಸೋಣ ಮಿಸ್," ಎಂದ ಅಣ್ಣ.

"ಹಾಕಲ್ಲ," ಎಂದಳು ತಂಗಿ. "ಹೆದರಿಕೆ ಕಲಿಸೋಕೆ ಶಾಲೆ ಇದೆಯಲ್ಲ, ಇನ್ನೊಂದು ಯಂತ್ರ ಯಾಕೆ?"

ಹೆಡ್‌ಮಿಸ್ ಎದ್ದು ಬ್ಯಾಗು ಹೆಗಲಿಗೇರಿಸಿದರು. ಅಣ್ಣ ಗುಮ್ಮನ ಕಡೆ ತಿರುಗಿದ. "ಅವಳದ್ದು ಇದ್ದದ್ದೇ. ಅರ್ಧ ಗಂಟೆ ಕೆಲಸ, ನೀನು ಹಾಕು."

ಅವಳು ಗುಮ್ಮನನ್ನೇ ನೋಡಿದಳು. ಸಂಬಳ ಕೊಡುವವನು ಅಣ್ಣ. ಇವನು ಹೂಂ ಅಂದರೆ... ಪೆಟ್ಟಿಗೆಯೂ ಕೈತಪ್ಪಿದ ಹಾಗೆ, ಇವನೂ.

"ಅರ್ಧ ಗಂಟೆನೂ ಬೇಡ, ಐದು ನಿಮಿಷದ್ದು," ಎಂದ ಗುಮ್ಮ. "ಆದ್ರೆ ನಾನು ಹಾಕಲ್ಲ."

"ಹಾಗಾದ್ರೆ ಇಬ್ರೂ ಹೊರಗೆ. ಆ ಪೆಟ್ಟಿಗೆ ನನ್ನ ಅಂಗಡೀಲಿ ಇರಲ್ಲ."

"ಇಡೋರು ಯಾರು?" ಅವಳು ವೈರು ಸುತ್ತತೊಡಗಿದಳು. "ಪೆಟ್ಟಿಗೆ ನಂದು. ಟೀವಿ ನಿಂದು, ನೀನೇ ಇಟ್ಕೋ."

"ಅವರದಲ್ಲ," ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಎಂದಳು. "ಅದು ನನ್ನ ದುಡ್ಡಲ್ಲಿ ತಂದದ್ದು. ತಗೊಂಡು ಹೋಗೇ."

ಅಣ್ಣ ಹೆಂಡತಿಯನ್ನು ನೋಡಿದ. ಟೀವಿಯ ಮುಂದಿನಿಂದ ಸರಿದು ನಿಂತ.

ಅಂಗಡಿಯ ಮೆಟ್ಟಿಲ ಮೇಲೆ ಟೀವಿ, ಅದರ ಮೇಲೆ ಪೆಟ್ಟಿಗೆ ಇಟ್ಟು ಇಬ್ಬರೂ ನಿಂತರು. ಕೆಲಸ ಹೋಗಿತ್ತು, ಕೋಣೆ ಹೋಗಿತ್ತು. ಅವಳಿಗೆ ಭಯವಾಗಬೇಕಿತ್ತು, ಆಗಲಿಲ್ಲ.

"ಅವತ್ತು ಹೋಗಿ ಅಂದಾಗ ಏನೋ ಹೇಳೋಕೆ ಹೊರಟಿದ್ರಿ," ಎಂದಳು.

ಅವನು ಟೀವಿಯನ್ನೇ ನೋಡುತ್ತಾ ಹೇಳಿದ: "ನಿಮ್ಮ ಜೊತೆ ಕೆಲಸ ಮಾಡೋದು ನಂಗಿಷ್ಟ ಅಂತ."

"ಅಷ್ಟೇನಾ?"

ಅವಳು ಅವಸರಪಡಿಸಲಿಲ್ಲ, ಕಾದಳು.

"ನೀವು ಅಂದ್ರೆ ನಂಗಿಷ್ಟ," ಎಂದ. "ಕೆಲಸ ಇರಲಿ, ಬಿಡಲಿ."

"ನಂಗೂ," ಎಂದಳು ಅವಳು, ಕಣ್ಣು ತುಂಬಿಕೊಂಡು. "ಎಷ್ಟೋ ದಿನದಿಂದ. ಈಗ ಟೀವಿ ಆ ಕಡೆ ಹಿಡ್ಕೊಳ್ಳಿ."

"ಎಲ್ಲಿಗೆ?"

"ನಿಮ್ಮ ರೂಮಲ್ಲಿ ಎಷ್ಟು ಪ್ಲಗ್ ಪಾಯಿಂಟ್ ಇದೆ?"

"ಒಂದೇ."

"ಸಾಕು," ಎಂದು ಅವಳು ತನ್ನ ಕಡೆಯ ಭಾರ ಎತ್ತಿದಳು.