ಇಲ್ಲದ ಗೂಳಿ

ಬೇಲಿಯಾಚೆ ನಿಂತವನನ್ನು ನೋಡಿ ಬ್ರಯೋನಿ ಹೊಲದಿಂದ ಬಿರಬಿರನೆ ಬಂದಳು. ಎಲ್ಲಿಸ್! ಐದು ತಿಂಗಳು ಸುದ್ದಿಯೇ ಇಲ್ಲದವನು... ಕೈಯಲ್ಲಿ ಊರುಗೋಲು ಬೇರೆ.

ಅವನು ಬೇಲಿಗೆ ಕಟ್ಟಿದ್ದ ಹಲಗೆ ತೋರಿಸಿದ. 'ಎಚ್ಚರಿಕೆ, ಹೊಲದಲ್ಲಿ ಗೂಳಿಯಿದೆ.' ಕೆಂಪು ಬಣ್ಣ, ಅವಳದೇ ಕೈಬರಹ.

"ಎಲ್ಲಿ ನಿನ್ನ ಗೂಳಿ? ಒಳಗೆ ಬರ್ಬಹುದಾ?"

"ಮಾರಿಬಿಟ್ಟೆ," ಅಂದುಬಿಟ್ಟಳು.

ಆ ಹೊಲದಲ್ಲಿ ಯಾವತ್ತೂ ಇದ್ದದ್ದು ನಲವತ್ತು ಕುರಿ ಮಾತ್ರ. ನಾನೂರು ವರ್ಷದ ಹಿಂದೆ ಮಾಟಗಾತಿಯರೆಂದು ಸುಳ್ಳು ಸಾಕ್ಷಿ ಹೇಳಿ ಜನರನ್ನು ನೇಣಿಗೆ ಕಳಿಸಿದರಲ್ಲ, ಹಾಗೆ ಸತ್ತವರ ನೆನಪಿನ ಕಾಲುದಾರಿ ಪೆಂಡಲ್ ಬೆಟ್ಟದ ಮಗ್ಗುಲಿಂದ ಲ್ಯಾಂಕಾಸ್ಟರ್ ಊರಿನವರೆಗೆ ಐವತ್ತು ಮೈಲಿ ಹೋಗುತ್ತದೆ. ನಡುವೆ ಇವಳ ಹೊಲ. ಮಾರ್ಚಿನಲ್ಲಿ ದಾರಿಹೋಕರ ಯಾರದೋ ನಾಯಿ ಅಟ್ಟಿಸಿಕೊಂಡು ಹೋಗಿ ಗಬ್ಬದ ಕುರಿಯೊಂದು ಸತ್ತಿತು. ಯಾರೂ ಹೊಲಕ್ಕೆ ಕಾಲಿಡದಿರಲೆಂದು ಸಿಟ್ಟಿಗೆ ಈ ಸುಳ್ಳು ಹಲಗೆ ಬರೆದಳು. ಅಲ್ಲಿನ ಅರ್ಧ ರೈತರು ಮಾಡುವ ಕೆಲಸವೇ ಅದು. ನಡೆಯುವವರು ಓದಿ ನಕ್ಕು, ಬೇಲಿ ದಾಟಿ ಹೋಗುತ್ತಾರೆ.

ಎಲ್ಲಿಸ್ ಆ ದಾರಿಯಲ್ಲಿ ಬೇಲಿ ದಾಟುವ ಮೆಟ್ಟಿಲು, ಗುರುತುಗಳನ್ನು ಸರಿಮಾಡುವವನು. ಚಳಿಗಾಲವಿಡೀ ಪ್ರತಿ ಶನಿವಾರ ಇವಳ ಅಡುಗೆಮನೆಯಲ್ಲಿ ಚಹಾ ಕುಡಿದವನು ಮಾರ್ಚಿನಿಂದ ನಾಪತ್ತೆ. ದಾರಿಹೋಕರ ಪ್ರೀತಿ ಇಷ್ಟೇ ಅಂದುಕೊಂಡು ಎಷ್ಟು ಬೈದಿದ್ದಳೋ!

"ಮಾರಿದ್ದು ಒಳ್ಳೇದಾಯ್ತು ಬಿಡು," ಎಂದು ನಕ್ಕ ಎಲ್ಲಿಸ್. "ಮಾರ್ಚಲ್ಲಿ ನಿನ್ನ ಮನೆಗೆ ಬರೋವಾಗ ಅದಕ್ಕೆ ಹೆದರಿ ಕೆಳಗಿನ ಜೌಗಲ್ಲಿ ಸುತ್ಕೊಂಡು ಹೋದೆ. ಕಾಲು ಹೂತು ಮಂಡಿ ಮುರೀತು. ಕುಂಟ ಆದ್ನಲ್ಲಾಂತ ನಿನಗೆ ಫೋನ್ ಮಾಡೋಕೂ ನಾಚಿಕೆ ಆಯ್ತು."

ಬ್ರಯೋನಿ ಹಲಗೆಯತ್ತ ತಿರುಗಿದಳು. "ಆ ಹಲಗೆ ನೋಡಿ ಎಲ್ರೂ ನಗ್ತಾರೆ. ನೀನ್ಯಾಕೆ ನಂಬಿದೆ?"

"ಬೇರೆಯವ್ರು ಬರೆದಿದ್ರೆ ನಾನೂ ನಗ್ತಿದ್ದೆ. ನೀನು ಬರೆದದ್ದಲ್ವಾ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಸುಮ್ಮನಿದ್ದರೆ ಅವನು ಒಳಗೆ ಬರುತ್ತಾನೆ, ಚಹಾ ಕುಡಿಯುತ್ತಾನೆ. ಹೇಳಿದರೆ ಹೊರಟೇಹೋಗಬಹುದು. 'ನಾಚಿಕೆಪಡಬೇಕಾದವಳು ನಾನು, ಇವನು ಪಡ್ತಿದಾನಲ್ಲ...'

"ಗೂಳಿ ಇರ್ಲೇ ಇಲ್ಲ, ಎಲ್ಲಿಸ್. ಮಾರಿದೆ ಅಂದದ್ದೂ ಸುಳ್ಳು. ನಿನ್ನ ಕಾಲು ಮುರಿದದ್ದು ನಾನು."

ಅವನ ನಗು ಆರಿತು. ಊರುಗೋಲನ್ನೊಮ್ಮೆ ನೋಡಿಕೊಂಡ. ತಿರುಗಿ ಕುಂಟುತ್ತಾ ಹೊರಟ.

ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು? ಬಿಕ್ಕುತ್ತಾ ಹಲಗೆಯ ತಂತಿ ಬಿಚ್ಚತೊಡಗಿದಳು. ಬೆರಳು ಕೊಯ್ದು ರಕ್ತ ಬಂತು.

ಹತ್ತು ಹೆಜ್ಜೆಯಾಚೆ ಅವನು ನಿಂತ. "ನಾನು ಇಲ್ಲಿಗೆ ಬರದೇ ಇದ್ದಾಗ ಏನಂದ್ಕೊಂಡೆ?"

"ಮರೆತೆ ಅಂತ... ನಿನ್ನ ಚಹಾದ ನೀಲಿ ಪಿಂಗಾಣಿ ಲೋಟ ಹಿಟ್ಟಿನ ಡಬ್ಬದ ಹಿಂದೆ ಬಿಸಾಕಿದೆ."

"ಒಡೀತಾ?"

"ಇಲ್ಲ. ದಿನಾ ತೊಳೆದು ಮತ್ತೆ ಅಲ್ಲೇ ಇಡ್ತಿದ್ದೆ."

"ನಿಜಾನಾ?"

"ನಿಜ. ಬೇಕಾದ್ರೆ ಬಂದು ನೋಡು."

ಅವನು ನಿಧಾನವಾಗಿ ಬೇಲಿಯ ಬಳಿಗೆ ವಾಪಸು ಬಂದ.

"ನೋಡೋದೇನು, ನೀನು ಹೇಳಿದ್ಯಲ್ಲ," ಎಂದ. "ಕೈ ಕೊಡು, ಈ ಮೆಟ್ಟಿಲು ಒಬ್ನೇ ಹತ್ತೋಕಾಗಲ್ಲ."

ತಲೆಯೆತ್ತಲಾಗದೆ ಅವಳು ಕೈ ಚಾಚಿದಳು.